ಚಪ್ಪಾಳೆಗೆ ಎಷ್ಟು ಅಂಕ?

*ಇಂದಿನ ಚಿಂತನ*



ಇವತ್ತು ಬರೆಯುವ ಸರದಿ ನನ್ನದು. ಹೋದ ವಾರ ನಮ್ಮ ಬಳಗದ ಹಿರಿಯರು ಎಂಟು ಲೋಕಧರ್ಮಗಳ ಬಗ್ಗೆ ಬರೆದಿದ್ದರು. ಲಾಭ-ನಷ್ಟ, ಯಶಸ್ಸು-ಅಪಯಶಸ್ಸು, ನಿಂದೆ-ಹೊಗಳಿಕೆ, ಸುಖ-ದುಃಖ. ಈ ಎಂಟರಲ್ಲಿ ನನ್ನನ್ನು ಹೆಚ್ಚು ಆಟ ಆಡಿಸಿದ್ದು ಹೊಗಳಿಕೆ. ಅದೊಂದನ್ನೇ ಹಿಡಿದು ನಾಲ್ಕು ಮಾತು ಬರೆಯುತ್ತೇನೆ. ಶುರು ಮಾತ್ರ ಮಗನ ಮೊಬೈಲಿನಿಂದ. ಬೇಸರ ಮಾಡಿಕೊಳ್ಳಬೇಡಿ.

ಬೇಸಿಗೆ ರಜೆ. ಒಂಬತ್ತನೇ ಇಯತ್ತೆ ಮುಗಿಸಿದ ಮಗ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಮಲಗಿ ಒಂದು ಹಳೇ ಕಾಲದ ಕುಸ್ತಿ ಆಟ ಆಡುತ್ತಿದ್ದ. ಹೆಸರು ಫೈರ್ ಪ್ರೊ ರೆಸ್ಲಿಂಗ್. ಜಪಾನಿನವರು 1989ರಲ್ಲಿ ಶುರು ಮಾಡಿದ ಆಟಗಳ ಸಾಲು ಅದು. ಇವನು ಆಡುತ್ತಿದ್ದುದು 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕಾಗಿ ಬಂದದ್ದು. ಬೆರಳುದ್ದದ ಗೊಂಬೆಗಳು, ಸುತ್ತ ಹಗ್ಗ ಕಟ್ಟಿದ ಕಣ, ಸುತ್ತಲೂ ಚುಕ್ಕಿ ಚುಕ್ಕಿಯಾಗಿ ಮಂದಿ.

ಪಕ್ಕದಲ್ಲಿ ಕೂತು ನೋಡಿದೆ. ಮಗನ ಪೈಲ್ವಾನ ಎದುರಾಳಿಯನ್ನು ಸುಲಭವಾಗಿ ಕೆಡವಬಹುದಿತ್ತು. ಕೆಡವಲಿಲ್ಲ. ಸುಮ್ಮನೆ ನಿಂತು ಏಟು ತಿಂದ. ಬಿದ್ದ, ಎದ್ದ, ಮತ್ತೆ ತಿಂದ.

"ಯಾಕೋ, ಹೊಡಿಯಾಕ ಬರೂದಿಲ್ಲೇನು?" ಅಂದೆ.

"ಅಪ್ಪಾ, ಇದರಾಗ ಗೆದ್ರ ಸಾಲೂದಿಲ್ಲ. ಮಂದಿಗೆ ಖುಷಿ ಆಗಬೇಕು. ಲಗೂನ ಗೆದ್ದಬಿಟ್ರ ಮಾರ್ಕ್ಸ್ ಕಡಿಮಿ ಬರ್ತಾವ" ಅಂದ.

ಆ ಆಟದಲ್ಲಿ ಪ್ರೇಕ್ಷಕರನ್ನು ಮೆಚ್ಚಿಸುವುದೇ ಗುರಿಯಾದ ಒಂದು ವಿಭಾಗ ಇದೆ. ಕುಸ್ತಿ ಮುಗಿದ ಮೇಲೆ ನೂರಕ್ಕೆ ಇಷ್ಟು ಅಂತ ಅಂಕ ಬರುತ್ತದೆ. ಒಂದೇ ಪಟ್ಟು ಮತ್ತೆ ಮತ್ತೆ ಹಾಕಿದರೆ ಮಂದಿಗೆ ಬೇಸರ. ಎದುರಾಳಿಗೆ ಅವಕಾಶವೇ ಕೊಡದಿದ್ದರೂ ಬೇಸರ. ಸೋಲುವಂತೆ ಕಂಡು ಕೊನೆಗೆ ಎದ್ದು ಬಂದರೆ ಖುಷಿ. ಮಗ ಆ ದಿನ ಮೊದಲ ಕುಸ್ತಿಯನ್ನು ಒಂದೇ ನಿಮಿಷದಲ್ಲಿ ಗೆದ್ದು ಬಹಳ ಕಡಿಮೆ ಅಂಕ ಪಡೆದಿದ್ದನಂತೆ. ಆಮೇಲೆ ಏಟು ತಿನ್ನುವುದನ್ನು ಕಲಿತ.

ನನಗೆ ಸಿಟ್ಟು ಬಂತು. "ಇದೇನು ಕುಸ್ತಿನೋ? ನಾಟಕ" ಅಂದೆ. ಅವನು ತಲೆ ಎತ್ತದೆ, "ಹೌದಪ್ಪಾ, ನಾಟಕನ. ಎಲ್ಲಾರಿಗೂ ಗೊತ್ತೈತಿ" ಅಂದ.

ಆ ಉತ್ತರ ಕೇಳಿ ಸುಮ್ಮನಾದೆ. ನಾನು ಅವನ ವಯಸ್ಸಿನಲ್ಲಿದ್ದಾಗ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡು ಆಡಿದವನು. ಪೈಲ್ವಾನರ ಎತ್ತರ, ತೂಕ, ಎದೆಯ ಅಳತೆ ಬಾಯಿಪಾಠ ಇತ್ತು. ಆ ಕುಸ್ತಿ ನಿಜವೋ ಸುಳ್ಳೋ ಅಂತ ಗೆಳೆಯರ ಜೊತೆ ಜಗಳಾಡಿದ್ದೂ ಇದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ನಾವು ಜಗಳಾಡುವ ಮೊದಲೇ, 1989ರ ಫೆಬ್ರವರಿಯಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಆ ಕಂಪನಿಯವರೇ ಇದು ನಿಜವಾದ ಸ್ಪರ್ಧೆಯಲ್ಲ, ಮನರಂಜನೆ ಎಂದು ಹೇಳಿಕೊಂಡಿದ್ದರು. ಕ್ರೀಡೆಯೆಂದು ಒಪ್ಪಿದರೆ ಸರ್ಕಾರದ ಕ್ರೀಡಾ ಆಯೋಗದ ಕಟ್ಟುಪಾಡು ಇತ್ತು. ಮನರಂಜನೆ ಅಂದರೆ ಅದರಿಂದ ಬಿಡುಗಡೆ. ನಿಜ ಹೇಳಲು ಅವರಿಗೆ ಅಷ್ಟು ಕಾರಣ ಸಾಕಾಯಿತು.

ಹಾಗಾದರೆ ಪ್ರಶ್ನೆ ಇದು, ಬಂಧುಗಳೇ. ಎಲ್ಲರಿಗೂ ಗೊತ್ತಿರುವ ನಾಟಕದಲ್ಲಿ ಮಂದಿಯನ್ನು ಮೆಚ್ಚಿಸುವುದು ತಪ್ಪೇ? ತಪ್ಪಾದರೆ ಅದು ಎಲ್ಲಿದೆ? ಸುಳ್ಳಿನಲ್ಲೋ, ಮೆಚ್ಚಿಸುವುದರಲ್ಲೋ?

ನಮ್ಮ ಜಮಖಂಡಿ, ಮುಧೋಳ ಸೀಮೆಯವರಿಗೆ ಕುಸ್ತಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಜಾತ್ರೆ ಅಂದರೆ ಕುಸ್ತಿ ಇರಲೇಬೇಕು. ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ, ಆಮೇಲೆ ರೊಕ್ಕದ ಕುಸ್ತಿ, ಹೊತ್ತು ಇಳಿದ ಮೇಲೆ ಕಡೆಯ ಜಂಗಿ ನಿಕಾಲಿ ಕುಸ್ತಿ. ನಿಕಾಲಿ ಅಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗಿ ಗೆಲುವು ತೀರ್ಮಾನ ಆಗಲೇಬೇಕು. ಹಲಗಿ ಬಾರಿಸುವವರು ಒಂದು ಕಡೆ, ಪಂಚರು ಒಂದು ಕಡೆ, ಸುತ್ತ ರುಮಾಲಿನ ಸಮುದ್ರ. ನಮ್ಮ ಕಡೆಯ ಹುಡುಗರು ಕೊಲ್ಹಾಪುರದ ತಾಲೀಮುಗಳಿಗೆ ಹೋಗಿ ಕಲಿತು ಬಂದದ್ದುಂಟು. ಅಲ್ಲಿಯ ಖಾಸಬಾಗ ಮೈದಾನವನ್ನು ಕಟ್ಟಿಸಿದವರು ಶಾಹೂ ಮಹಾರಾಜರು. 1920ರಲ್ಲಿ ಮಾಣಗಾವ ಪರಿಷತ್ತಿಗೆ ಬಂದು, ನಿಮಗೆ ನಿಮ್ಮ ಮುಂದಾಳು ಸಿಕ್ಕಿದ್ದಾನೆ ಎಂದು ಬಾಬಾಸಾಹೇಬರನ್ನು ತೋರಿಸಿದ ಅದೇ ಶಾಹೂ ಮಹಾರಾಜರು.

ನನ್ನ ಸೋದರಮಾವ ಪೈಲ್ವಾನರಾಗಿದ್ದರು. ದೊಡ್ಡ ಹೆಸರಲ್ಲ, ಹತ್ತು ಹಳ್ಳಿಗೆ ಗೊತ್ತಿದ್ದವರು, ಅಷ್ಟೇ. ಒಂದು ಜಾತ್ರೆಯಲ್ಲಿ ಎದುರಾಳಿಯನ್ನು ಅರ್ಧ ಕೆಡವಿ, ಮಂದಿಯ ಕೂಗಿಗೆ ಹಿಗ್ಗಿ, ಅವನನ್ನು ಬಿಟ್ಟು ಎದ್ದು ತೊಡೆ ತಟ್ಟಿದರಂತೆ. ಮಂದಿ ಹುಚ್ಚೆದ್ದರು. ಅಷ್ಟರಲ್ಲಿ ಅವನು ಹಿಂದಿನಿಂದ ಕಾಲಿಗೆ ಬಿದ್ದು ಮಾವನ ಬೆನ್ನನ್ನು ಮಣ್ಣಿಗೆ ಹಚ್ಚಿಬಿಟ್ಟ. ಅದೇ ಮಂದಿ ಅದೇ ದನಿಯಲ್ಲಿ ಅವನಿಗೂ ಕೂಗಿದರು. ಮಾವ ನಮಗೆ ಈ ಕತೆ ಹೇಳುವಾಗಲೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ಕಿವಿ ಮಂದಿ ಕಡೆ ಹೋತಂದ್ರ ಕೈಯಾಗಿನ ಹಿಡಿತ ಸಡ್ಲ ಆಗತೈತಿ."

ಆದರೆ ಅದೇ ಮಾವನದು ಇನ್ನೊಂದು ರೂಢಿ ಇತ್ತು. ತಾವು ಗೆದ್ದಾಗ ಮೈಮೇಲಿನ ಮಣ್ಣು ಝಾಡಿಸುವ ಮೊದಲು ಸೋತವನ ಕೈ ಹಿಡಿದು ಎಬ್ಬಿಸಿ, ಅವನನ್ನೂ ಜೊತೆಗೆ ಕರೆದುಕೊಂಡು ಕಣದ ಸುತ್ತ ಹೋಗುತ್ತಿದ್ದರು. "ಚೊಲೋ ಆಡ್ಯಾನ, ಇವಗೂ ಏನರ ಕೊಡ್ರಿ" ಅನ್ನುವರು. ಮಂದಿ ಖುಷಿಯಿಂದ ಹತ್ತೋ ಇಪ್ಪತ್ತೋ ಕೊಡುವರು. ಅದೂ ಮಂದಿಯನ್ನು ಮೆಚ್ಚಿಸುವುದೇ. ಮಗನ ಆಟದಲ್ಲಿ ಎದುರಾಳಿಗೂ ಮೆರೆಯಲು ಅವಕಾಶ ಕೊಟ್ಟರೆ ಅಂಕ ಏರುವುದನ್ನು ನೋಡಿದಾಗ ನನಗೆ ಮಾವನ ಆ ರೂಢಿ ನೆನಪಾಯಿತು. ಒಬ್ಬನೇ ಮನುಷ್ಯ ಮಂದಿಗಾಗಿ ತೊಡೆ ತಟ್ಟಿದ್ದೂ ಹೌದು, ಸೋತವನ ಕೈ ಹಿಡಿದದ್ದೂ ಹೌದು. ಎರಡಕ್ಕೂ ಚಪ್ಪಾಳೆ ಬಿತ್ತು. ಎರಡೂ ಒಂದೇ ಅಲ್ಲ.

ಇನ್ನೂ ಒಂದು ಮೂರನೆಯ ಬಗೆ ಇದೆ. ಇಬ್ಬರು ಪೈಲ್ವಾನರು ಮೊದಲೇ ಮಾತಾಡಿಕೊಂಡು, ನಿಜವಾದ ಕುಸ್ತಿ ಅಂತ ಮಂದಿಯನ್ನು ನಂಬಿಸಿ ಆಡುವುದು. ಮರಾಠಿ ಸೀಮೆಯವರು ಇದಕ್ಕೆ ನೂರಾ ಕುಸ್ತಿ ಅನ್ನುತ್ತಾರೆ. ಇಲ್ಲಿ ತಪ್ಪು ಎಲ್ಲಿದೆ ಅಂತ ಮಕ್ಕಳೂ ಹೇಳಬಲ್ಲರು. ಅದು ಮೋಸ. ನನ್ನನ್ನು ಕಾಡುವುದು ಮೋಸವಿಲ್ಲದ ಮೆಚ್ಚಿಸುವಿಕೆ. ಅದರ ಬಗ್ಗೆ ಬುದ್ಧರನ್ನು ನೇರವಾಗಿ ಕೇಳಿದ ಒಬ್ಬನಿದ್ದಾನೆ. ಅವನ ಹೆಸರು ತಾಲಪುಟ.

ಸಂಯುತ್ತ ನಿಕಾಯದ ಗಾಮಣಿ ಸಂಯುತ್ತದಲ್ಲಿ ಅವನ ಕತೆ ಬರುತ್ತದೆ. ತಾಲಪುಟ ಒಂದು ನಾಟಕ ಮಂಡಳಿಯ ಮುಖಂಡ. ರಾಜಗೃಹದ ವೇಳುವನಕ್ಕೆ ಬಂದು ಕೇಳುತ್ತಾನೆ. ನಟರ ಹಿಂದಿನ ಗುರುಗಳು ಹೇಳುತ್ತ ಬಂದಿದ್ದಾರೆ, ರಂಗದ ಮೇಲೆ ನಿಜ-ಸುಳ್ಳು ಬೆರೆಸಿ ಮಂದಿಯನ್ನು ನಗಿಸಿದ ನಟ ಸತ್ತ ಮೇಲೆ ನಗುವ ದೇವತೆಗಳ ಲೋಕಕ್ಕೆ ಹೋಗುತ್ತಾನೆ ಅಂತ. ಇದಕ್ಕೆ ತಾವೇನು ಹೇಳುತ್ತೀರಿ? ಬುದ್ಧರು, ಇದನ್ನು ಕೇಳಬೇಡ, ಬಿಡು ಎನ್ನುತ್ತಾರೆ. ಎರಡನೇ ಸಲ ಕೇಳಿದಾಗಲೂ ಅದೇ ಉತ್ತರ. ಮೂರನೇ ಸಲ ಕೇಳಿದಾಗ ಹೇಳಿಬಿಡುತ್ತಾರೆ. ಜನರು ಮೊದಲೇ ರಾಗದಲ್ಲಿ ಕಟ್ಟಿಹಾಕಿಕೊಂಡವರು. ನಟ ರಂಗದ ಮೇಲೆ ಆ ರಾಗವನ್ನೇ ಹೆಚ್ಚಿಸುತ್ತಾನೆ. ದ್ವೇಷದಲ್ಲಿ ಕಟ್ಟಿಹಾಕಿಕೊಂಡವರು, ಆ ದ್ವೇಷವನ್ನು ಹೆಚ್ಚಿಸುತ್ತಾನೆ. ಮೋಹವನ್ನೂ ಹಾಗೆಯೇ. ತಾನೂ ಅಮಲೇರಿ ಮೈಮರೆತು, ಬೇರೆಯವರನ್ನೂ ಮೈಮರೆಸುತ್ತಾನೆ. ಅಂಥವನು ಹೋಗುವುದು ದೇವಲೋಕಕ್ಕಲ್ಲ, ನರಕಕ್ಕೆ. ಆ ನರಕದ ಹೆಸರಲ್ಲೂ ನಗುವೇ ಇದೆ.

ತಾಲಪುಟ ಅಳುತ್ತಾನೆ. ಇದಕ್ಕೇ ನಾನು ಬೇಡವೆಂದಿದ್ದು ಎಂಬರ್ಥದಲ್ಲಿ ಬುದ್ಧರು ಹೇಳಿದಾಗ ಅವನು ಕೊಡುವ ಉತ್ತರ ನೋಡಿ. ತಾವು ಹೇಳಿದ್ದಕ್ಕೆ ಅಳುತ್ತಿಲ್ಲ, ಇಷ್ಟು ದೀರ್ಘ ಕಾಲ ಹಿಂದಿನವರ ಮಾತು ನಂಬಿ ಮೋಸಹೋದೆನಲ್ಲ ಎಂದು ಅಳುತ್ತಿದ್ದೇನೆ. ನಗಿಸಿದವನಿಗೆ ಸ್ವರ್ಗ ಅಂತ ಅವನಿಗೆ ಹೇಳಿಕೊಟ್ಟವರು ಯಾರು? ಚಪ್ಪಾಳೆ ಬಿದ್ದರೆ ಕೆಲಸ ಒಳ್ಳೆಯದೇ ಇರಬೇಕು ಅಂತ ನಮಗೆ ಹೇಳಿಕೊಟ್ಟವರು ಯಾರೋ, ಅವರೇ.

ಈ ಸುತ್ತ ಮೊದಲ ಸಲ ಓದಿದಾಗ, ಕನ್ನಡ ಎಂಎ ಮಾಡಿದ ನನಗೆ ಒಪ್ಪಿಗೆ ಆಗಲಿಲ್ಲ. ಹಾಗಾದರೆ ನಾಟಕವೇ ಪಾಪವೇ? ನಮ್ಮ ಸೀಮೆಯ ಸಣ್ಣಾಟ ಶ್ರೀಕೃಷ್ಣ ಪಾರಿಜಾತ ನೋಡಿ ರಾತ್ರಿಯೆಲ್ಲ ನಕ್ಕ ನಮ್ಮ ಅಜ್ಜಿಯರು, ಅದನ್ನು ಊರೂರಿಗೆ ಹೊತ್ತು ತಿರುಗಿದ ಕೌಜಲಗಿ ನಿಂಗಮ್ಮನಂಥ ಕಲಾವಿದೆ, ಇವರೆಲ್ಲ ತಪ್ಪು ಮಾಡಿದರೇ? ದೊಡ್ಡವರ ಗತ್ತನ್ನು, ಸವತಿಯರ ಮತ್ಸರವನ್ನು ಕಂಡು ನಗುತ್ತ ತಮ್ಮ ಮನೆಯ ಗತ್ತು-ಮತ್ಸರ ನೆನೆದು ನಾಚಿದವರೂ ಇದ್ದರಲ್ಲ?

ಆಮೇಲೆ ನಿಧಾನವಾಗಿ ಓದಿದೆ. ಬುದ್ಧರು ನಗುವನ್ನು ತೂಗುತ್ತಿಲ್ಲ. ನಕ್ಕವನ ಒಳಗೆ ಏನು ಬೆಳೆಯಿತು ಎಂಬುದನ್ನು ತೂಗುತ್ತಿದ್ದಾರೆ. ರಾಗವೋ, ದ್ವೇಷವೋ, ಮೋಹವೋ? ಅಥವಾ ಇವು ಒಂದು ಗುಂಜಿಯಷ್ಟಾದರೂ ಕಡಿಮೆಯಾದವೋ? ನಗಿಸಿದವನ ಒಳಗೂ ಅದೇ ಪ್ರಶ್ನೆ. ಈ ತಕ್ಕಡಿಯಲ್ಲಿಟ್ಟು ನೋಡಿದರೆ ಮಾವ ತೊಡೆ ತಟ್ಟಿದ್ದು ಬೇರೆ, ಸೋತವನ ಕೈ ಹಿಡಿದದ್ದು ಬೇರೆ ಎಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಮಂದಿಗೂ ಮಾವನಿಗೂ ಅಮಲು ಏರಿತು. ಎರಡನೆಯದರಲ್ಲಿ ಸೋತವನೂ ಮನುಷ್ಯ ಅನ್ನುವುದು ಇಡೀ ಜಾತ್ರೆಗೆ ನೆನಪಾಯಿತು.

ಇಲ್ಲಿಗೆ ಮುಗಿಸಿದರೆ ಇದು ಒಳ್ಳೆಯ ಪಾಠವಾಗುತ್ತದೆ. ಆದರೆ ತಕ್ಕಡಿ ಸಿಕ್ಕಮೇಲೆ ನನ್ನದನ್ನೂ ತೂಗಬೇಕು.

ಹನ್ನೊಂದು ವರ್ಷದ ಹಿಂದೆ ನಾನು ಬೇರೊಂದು ಊರಿನ ಶಾಲೆಯಲ್ಲಿದ್ದೆ. ನನ್ನ ತರಗತಿ ಅಂದರೆ ಮಕ್ಕಳಿಗೆ ಖುಷಿ. ಪಾಠವನ್ನು ನಾಟಕ ಮಾಡಿ ಹೇಳುತ್ತಿದ್ದೆ, ದನಿ ಬದಲಿಸುತ್ತಿದ್ದೆ, ನಗಿಸುತ್ತಿದ್ದೆ. ಪಕ್ಕದ ಕೋಣೆಯ ಶಿಕ್ಷಕರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಅದರ ಹೆಮ್ಮೆ ನನಗಿತ್ತು. ಎಂಟನೇ ಇಯತ್ತೆಯಲ್ಲಿ ಒಬ್ಬ ಹುಡುಗನಿಗೆ ಉಗ್ಗು. 'ಕ' ಅಕ್ಷರ ಬಂದಾಗ ನಿಲ್ಲುತ್ತಿದ್ದ. ಒಂದು ದಿನ ಗಟ್ಟಿ ಓದುವಾಗ ಅವನು ನಿಂತ. ನಾನು, ಯಾಕೆ ಅಂತ ಈಗಲೂ ಹೇಳಲಾರೆ, ಅವನ ಹಾಗೆಯೇ 'ಕ, ಕ, ಕ' ಅಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ಒಂದೇ ಸಲ ಆಗಿದ್ದರೆ ಬಾಯಿ ತಪ್ಪಿ ಬಂತು ಅನ್ನಬಹುದಿತ್ತು. ಮಂದಿ ನಕ್ಕರಲ್ಲ, ಅಂಕ ಬಂತಲ್ಲ, ಮತ್ತೆ ಮಾಡಿದೆ. ಒಂದೆರಡು ವಾರ ಅದು ನನ್ನ ಪಟ್ಟಾಯಿತು. ಬೇಸರದ ವ್ಯಾಕರಣ ಪಾಠದ ನಡುವೆ ಅದನ್ನು ಹಾಕಿದರೆ ತರಗತಿ ಎಚ್ಚರವಾಗುತ್ತಿತ್ತು. ಹುಡುಗ ಮೊದಲು ಓದಲು ಏಳುವುದನ್ನು ಬಿಟ್ಟ, ಆಮೇಲೆ ಮುಂದಿನ ಸಾಲು ಬಿಟ್ಟ, ದೀಪಾವಳಿ ಆದಮೇಲೆ ಶಾಲೆಯನ್ನೇ ಬಿಟ್ಟ. ಅವನ ಮನೆಯವರು ಕಬ್ಬು ಕಡಿಯಲು ಗುಳೆ ಹೋದದ್ದು ನಿಜ. ಹಾಜರಿ ಪುಸ್ತಕದಲ್ಲಿ ಅದನ್ನೇ ಕಾರಣವೆಂದು ಬರೆದೆ. ಬರೆದದ್ದು ಸುಳ್ಳಲ್ಲ. ಆದರೆ ಅವನ ತಂಗಿ ಅಜ್ಜಿಯ ಹತ್ತಿರ ಉಳಿದು ಅದೇ ಶಾಲೆಗೆ ಬರುತ್ತಿದ್ದಳು ಎಂಬುದನ್ನು ಹಾಜರಿ ಪುಸ್ತಕ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಲವತ್ತು ಮಕ್ಕಳು ನಕ್ಕಿದ್ದರು. ಮಗನ ಆಟದಲ್ಲಾದರೆ ಒಳ್ಳೆಯ ಅಂಕ ಬರುತ್ತಿತ್ತು. ಆ ನಲವತ್ತು ಮಕ್ಕಳೊಳಗೆ ನಾನು ಏನು ಬೆಳೆಸಿದೆ? ತನಗಿಂತ ದುರ್ಬಲನನ್ನು ಕಂಡು ನಗಬಹುದು, ಸರ್ ಒಪ್ಪುತ್ತಾರೆ ಎಂಬುದನ್ನು. ನಾನು ಕಲಿಸಿದ ಸಂಧಿ-ಸಮಾಸ ಅವರಿಗೆ ಮರೆತಿರಬಹುದು. ಇದು ಮರೆತಿರುತ್ತದೆಯೇ?

ಮಗನಿಗೆ ಈ ಕತೆಯನ್ನು ಹೇಳಬೇಕು ಅನ್ನಿಸಿ, ಸಂಜೆ ಅವನನ್ನು ಬ್ಯಾರೇಜಿನ ಕಡೆ ಕರೆದುಕೊಂಡು ಹೋದೆ. ನಮ್ಮ ಚಿಕ್ಕಪಡಸಲಗಿಯ ಶ್ರಮಬಿಂದು ಸಾಗರ ನಿಮಗೆಲ್ಲ ಗೊತ್ತಿದ್ದದ್ದೇ. ಸರ್ಕಾರದ ದಾರಿ ಕಾಯದೆ ಕೃಷ್ಣಾ ತೀರದ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಬೆವರು ಸುರಿಸಿ 1989ರಲ್ಲಿ ಮುಗಿಸಿದ ಕಟ್ಟೆ. ನನಗಾಗ ಎಂಟೊಂಬತ್ತು ವರ್ಷ. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರಿಗೆ ಆಮೇಲೆ ಹೊಗಳಿಕೆ ಬಂತು. ಬ್ಯಾರೇಜ್ ಸಿದ್ದು ಅಂತಲೇ ಹೆಸರಾದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರಂಥವರನ್ನು ಸೋಲಿಸಿದರು. ಮಂದಿ ಮೆಚ್ಚಿದರು, ಮೆಚ್ಚಬೇಕಾದ್ದೇ. ಆದರೆ ನದಿಯ ನೀರು ನಿಂತದ್ದು ಚಪ್ಪಾಳೆಯಿಂದಲ್ಲ, ಕಟ್ಟೆಯಿಂದ. ಕಟ್ಟೆಯಲ್ಲಿ ಬಿರುಕಿದ್ದರೆ ಎಷ್ಟು ಚಪ್ಪಾಳೆ ಬಿದ್ದರೂ ನೀರು ಹರಿದು ಹೋಗುತ್ತಿತ್ತು. ಕೆಲಸಕ್ಕೂ ಮೆಚ್ಚುಗೆಗೂ ಇರುವ ಈ ಅಂತರವನ್ನು ಮಗನಿಗೆ ತೋರಿಸಬೇಕಿತ್ತು.

ಕತೆಯೆಲ್ಲ ಕೇಳಿ ಅವನು ಕೇಳಿದ್ದು ಒಂದೇ ಮಾತು. "ಅಪ್ಪಾ, ಆ ಹುಡುಗ ಈಗ ಎಲ್ಲಿ ಅದಾನ?"

ಎಲ್ಲಿದ್ದಾನೆ ಅಂತ ನನಗೆ ಗೊತ್ತಿತ್ತು. ಹೋದ ಕಬ್ಬಿನ ಹಂಗಾಮಿನಲ್ಲಿ ಚಹಾದಂಗಡಿಯ ಮುಂದೆ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದು, "ನಮಸ್ಕಾರ್ರಿ ಸರ್" ಅಂದಿದ್ದ. ಹೆಸರು ಹೇಳುವ ಮೊದಲೇ ಗುರುತು ಸಿಕ್ಕಿತ್ತು. ಆ ದಿನ ಎರಡು ಮಾತಾಡಿ, ಬಸ್ಸಿನ ನೆಪ ಹೇಳಿ ತಪ್ಪಿಸಿಕೊಂಡಿದ್ದೆ.

ಈ ಸಲ ನಾನೇ ಅವನ ಊರಿಗೆ ಹೋದೆ. ಅವನು ಮನೆಯ ಮುಂದೆ ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತಿದ್ದ. ಗಡಬಡಿಸಿ ಕೈ ಒರೆಸಿಕೊಂಡು ಕುರ್ಚಿ ತಂದ. ನಾನು ಬಂದ ಕಾರಣ ಹೇಳಿದೆ. ತರಗತಿಯಲ್ಲಿ ನಿನ್ನ ಓದನ್ನು ಆಡಿಕೊಂಡೆ, ತಪ್ಪು ಮಾಡಿದೆ ಅಂದೆ. ನೆನಪಿಲ್ರಿ ಸರ್ ಅನ್ನುತ್ತಾನೆ ಅಂತ ಒಳಗೊಳಗೇ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

"ನೆನಪೈತ್ರಿ ಸರ್" ಅಂದ. "ಎಲ್ಲಾರೂ ನಗತಿದ್ರು. ನಾನೂ ನಗತಿದ್ನಿರಿ."

ಹನ್ನೊಂದು ವರ್ಷ ನಾನು ಅವನ ತಗ್ಗಿದ ತಲೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಅವನೂ ನಗುತ್ತಿದ್ದ ಎಂಬುದನ್ನು ನೋಡಿರಲಿಲ್ಲ. ಹದಿಮೂರು ವರ್ಷದ ಹುಡುಗ, ತನ್ನನ್ನು ನೋಡಿ ನಗುವ ಮಂದಿಯನ್ನು ಮೆಚ್ಚಿಸಲು ತಾನೂ ನಕ್ಕಿದ್ದ. ಏಟು ತಿಂದರೆ ಅಂಕ ಬರುತ್ತದೆ ಅನ್ನುವ ಆಟವನ್ನು ಅವನಿಗೆ ಕಲಿಸಿದವನು ನಾನು.

ಕ್ಷಮಿಸಿದೆ ಅಂತ ಅವನು ಹೇಳಲಿಲ್ಲ. ಹೇಳಬೇಕೆಂದು ನಾನು ಕೇಳಲೂ ಇಲ್ಲ. "ಇರ್ಲಿ ಬಿಡ್ರಿ ಸರ್, ಚಾ ಕ..." ಅಂತ ನಿಂತ. ಅದೇ ಅಕ್ಷರ. ನಾನು ಕಾದೆ. ಬಾಗಿಲಲ್ಲಿ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಅವಳೂ ಕಾದಳು. "ಕುಡದು ಹೋಗ್ರಿ" ಅಂತ ಮುಗಿಸಿದ. ಕುಡಿದು ಬಂದೆ.

ತಾಲಪುಟ ಮುಂದೆ ಭಿಕ್ಷುವಾದ, ಅರಹಂತನಾದ. ಥೇರಗಾಥೆಯಲ್ಲಿ ಅವನ ಹೆಸರಿನಲ್ಲಿ ಒಂದು ದೀರ್ಘ ಪದ್ಯವಿದೆ. ಸಾವಿರ ಮಂದಿಯ ಮುಂದೆ ಮಾತಾಡಿದ ನಟ ಆ ಪದ್ಯದಲ್ಲಿ ಮಾತಾಡುವುದು ತನ್ನ ಮನಸ್ಸಿನ ಜೊತೆ. ಅಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇಲ್ಲ.

ಇದನ್ನು ಬರೆದು ಗುಂಪಿಗೆ ಹಾಕಿದ ಮೇಲೆ ನೀವು ಕೈ ಮುಗಿಯುವ ಚಿತ್ರ ಕಳಿಸುತ್ತೀರಿ. ಎಷ್ಟು ಬಂದವು ಅಂತ ನಾನು ನೋಡುತ್ತೇನೆ, ಅದೂ ನನಗೆ ಗೊತ್ತು. ಹೊಗಳಿಕೆಯ ಗಾಳಿ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಅದು ಬೀಸುವಾಗ ಕೈಯ ಹಿಡಿತ ಸಡಿಲವಾಗದಂತೆ ನೋಡಿಕೊಳ್ಳಬಹುದು, ಅಷ್ಟೇ.

*ಇಂದಿನ ಅಭ್ಯಾಸ:* ಇವತ್ತು ಮನೆಯಲ್ಲಾಗಲಿ, ಕೆಲಸದಲ್ಲಾಗಲಿ, ಈ ಮೊಬೈಲಿನಲ್ಲಾಗಲಿ ನಮ್ಮ ಮಾತಿಗೆ ಯಾರಾದರೂ ನಕ್ಕರೆ ಅಥವಾ ಮೆಚ್ಚಿದರೆ, ಒಂದು ಉಸಿರಿನಷ್ಟು ಹೊತ್ತು ನಿಲ್ಲೋಣ. ಎರಡು ಪ್ರಶ್ನೆ ಕೇಳಿಕೊಳ್ಳೋಣ. ಈ ನಗುವಿನಿಂದ ಅವರೊಳಗೆ, ನನ್ನೊಳಗೆ ಏನು ಬೆಳೆಯಿತು? ಇಲ್ಲಿ ಯಾರಾದರೂ ಬೇರೆ ದಾರಿ ಇಲ್ಲದೆ ನಗುತ್ತಿದ್ದಾರೆಯೇ?

ಎಲ್ಲರಿಗೂ ಮಂಗಳವಾಗಲಿ.